ಖಾಲಿ ಕುರ್ಚಿಗಳ ದೊಡ್ಡಮ್ಮ

ನನ್ನ ದೊಡ್ಡಮ್ಮನಿಗೆ ಯಾವ ಕೆಲಸವೂ ಸರಿಯಾಗಿ ಬರುವುದಿಲ್ಲ ಎಂದು ಅಂಗಿ ಕಾರ್ಖಾನೆಯವರು ತೀರ್ಮಾನಿಸಿದ್ದಾರೆ. ಅವಳಿಗೆ ಕಾಲರ್ ಹೊಲಿಯಲು ಬರುತ್ತದೆ. ತೋಳು ಕೂಡಿಸಲು, ಜೇಬು ಹಚ್ಚಲು, ಕಫ್ ಮಾಡಲು, ಗುಂಡಿಪಟ್ಟಿ ಮಡಿಸಲು, ಬದಿ ಹೊಲಿಯಲು, ಕೆಳಗಿನ ಅಂಚು ಕಟ್ಟಲು, ಎಲ್ಲವೂ ಬರುತ್ತದೆ. ಎಲ್ಲ ಬರುವುದರಿಂದಲೇ ಏನೂ ಬರುವುದಿಲ್ಲವಂತೆ. ಈ ಮಾತನ್ನು ಎಷ್ಟು ತಿರುವಿಹಾಕಿ ನೋಡಿದರೂ ಅದು ನನ್ನ ತಲೆಗೆ ಹತ್ತಲಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನೂ ದೊಡ್ಡಮ್ಮನೂ ಇಬ್ಬರೇ ಇರುವ ಮನೆಯಲ್ಲಿ ನಡೆದದ್ದು ನಾನೇ ಕಂಡದ್ದು. ಕಾರ್ಖಾನೆಯಲ್ಲಿ ನಡೆದದ್ದನ್ನು ದೊಡ್ಡಮ್ಮ ಹೇಳಿದಳು. ಅವಳು ತನ್ನ ಕಷ್ಟವನ್ನು ಯಾವಾಗಲೂ ಕಡಿಮೆ ಮಾಡಿ ಹೇಳುತ್ತಾಳೆ. ಆದ್ದರಿಂದ ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಿಣಿಯನ್ನೂ ಕೇಳಿದೆ. ಗಿಣಿ ಎಂದು ಅವಳಿಗೆ ಹೆಸರು ಬಿದ್ದದ್ದು ಅವಳ ಬಾಯಿಂದ. ಅವಳು ಎಲ್ಲವನ್ನೂ ಹಿಗ್ಗಿಸಿ ಹೇಳುತ್ತಾಳೆ. ಇಬ್ಬರ ಮಾತನ್ನೂ ತಾಳೆ ನೋಡಿ, ಎರಡರಲ್ಲೂ ಇದ್ದುದನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಕಾರ್ಖಾನೆಯಲ್ಲಿ ಒಬ್ಬರೇ ಕೂತು ಒಂದು ಅಂಗಿ ಹೊಲಿಯುವುದಿಲ್ಲ. ಮಿಷಿನ್ನುಗಳು ಒಂದರ ಹಿಂದೆ ಒಂದು ಇರುತ್ತವೆ. ಅದಕ್ಕೆ ಲೈನ್ ಎನ್ನುತ್ತಾರೆ. ಜೇಬಿನವಳು ಜೇಬು ಹಚ್ಚಿ ಮುಂದಕ್ಕೆ ತಳ್ಳುತ್ತಾಳೆ, ತೋಳಿನವಳು ತೋಳು ಕೂಡಿಸಿ ಮುಂದಕ್ಕೆ ತಳ್ಳುತ್ತಾಳೆ. ಈ ತುದಿಯಲ್ಲಿ ಬಟ್ಟೆಯ ಚೂರುಗಳಾಗಿ ಹೊರಟದ್ದು ಆ ತುದಿಯಲ್ಲಿ ಅಂಗಿಯಾಗಿ ಬೀಳುತ್ತದೆ. ನಡುವೆ ಒಬ್ಬಳಿಗೆ ಜ್ವರ ಬಂದರೆ, ಒಬ್ಬಳ ಮಗು ಬಿದ್ದು ಹಲ್ಲು ಮುರಿದುಕೊಂಡರೆ, ಅವಳ ಕುರ್ಚಿ ಖಾಲಿ. ಒಂದು ಕುರ್ಚಿ ಖಾಲಿಯಾದರೆ ಹಿಂದಿನವರ ಮುಂದೆ ಬಟ್ಟೆಯ ಗುಡ್ಡ, ಮುಂದಿನವರ ಮುಂದೆ ಬರಿಯ ಮೇಜು.

ಆ ಖಾಲಿ ಕುರ್ಚಿಯಲ್ಲಿ ಕೂರುವುದು ದೊಡ್ಡಮ್ಮನ ಕೆಲಸವಾಗಿತ್ತು. ಅದಕ್ಕೆ 'ಬದಲಿ' ಎನ್ನುತ್ತಿದ್ದರು. ಇಂದು ಜೇಬು, ನಾಳೆ ಕಫ್, ನಾಡಿದ್ದು ಊಟದ ಗಂಟೆಗೆ ಮೊದಲು ತೋಳು, ಊಟವಾದ ಮೇಲೆ ಅಂಚು. ಉಳಿದವರು ತಂತಮ್ಮ ಕುರ್ಚಿಗೆ ಒಂದೊಂದು ಮೆತ್ತೆ ಕಟ್ಟಿಕೊಂಡಿದ್ದರು. ಕಬ್ಬಿಣದ ಕುರ್ಚಿ, ಇಡೀ ದಿನ ಕೂರಬೇಕಲ್ಲ. ದೊಡ್ಡಮ್ಮನಿಗೆ ತನ್ನದೆಂಬ ಕುರ್ಚಿ ಇರಲಿಲ್ಲ. ಅವಳು ಮೆತ್ತೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಳು. ಚೂರುಪಾರು ಬಟ್ಟೆಗಳನ್ನು ಕೂಡಿಸಿ ಅವಳೇ ಹೊಲಿದ ಮೆತ್ತೆ ಅದು. ಒಂದು ಮೂಲೆ ಕಫ್ ಬಟ್ಟೆ, ಒಂದು ಮೂಲೆ ಜೇಬಿನ ಬಟ್ಟೆ. ಅವಳಿಗೆ ಲೈನಿನವರು ಇಟ್ಟ ಹೆಸರು ಉಪ್ಪಕ್ಕ. ಉಪ್ಪು ಎಲ್ಲದಕ್ಕೂ ಬೇಕು, ಆದರೆ ಇವತ್ತು ಏನು ಅಡುಗೆ ಎಂದು ಕೇಳಿದರೆ ಯಾರೂ 'ಉಪ್ಪು' ಎನ್ನುವುದಿಲ್ಲ.

ಬದಲಿ ಎಂದರೆ ಹತ್ತು ಕೆಲಸ ಅರೆಬರೆ ಗೊತ್ತಿರುವವಳು ಎಂದು ಜನ ತಿಳಿಯುತ್ತಾರೆ. ತಪ್ಪು. ಅಲ್ಲಿ ಇನ್ನೊಂದು ವಿದ್ಯೆ ಇದೆ. ಒಬ್ಬೊಬ್ಬರ ಕೈ ಒಂದೊಂದು ತರಹ. ಒಬ್ಬಳು ಹೊಲಿಗೆಯನ್ನು ಅಂಚಿಗೆ ತೀರ ಹತ್ತಿರ ಹಾಕುತ್ತಾಳೆ, ಒಬ್ಬಳು ಬಟ್ಟೆಯನ್ನು ಸ್ವಲ್ಪ ಎಳೆದು ಹೊಲಿಯುತ್ತಾಳೆ. ಅವಳ ಮುಂದೆ ಕೂತವಳ ಕೈ ಅದಕ್ಕೆ ಒಗ್ಗಿಹೋಗಿರುತ್ತದೆ. ಎಳೆದದ್ದನ್ನು ಅವಳು ಸಡಿಲ ಬಿಡುತ್ತಾಳೆ, ಸಡಿಲವಿದ್ದದ್ದನ್ನು ಎಳೆದುಕೊಳ್ಳುತ್ತಾಳೆ. ಯೋಚಿಸಿ ಮಾಡುವುದಲ್ಲ, ಕೈಯೇ ಮಾಡುತ್ತದೆ. ಕುರ್ಚಿ ಖಾಲಿಯಾದ ದಿನ ದೊಡ್ಡಮ್ಮ ಕೂತು ತನ್ನದೇ ಕೈಯಲ್ಲಿ ಹೊಲಿದರೆ ಮುಂದಿನವಳು ಎಡವುತ್ತಾಳೆ. ಅದಕ್ಕೇ ದೊಡ್ಡಮ್ಮ ಬಾರದವಳ ಕೈಯಲ್ಲೇ ಹೊಲಿಯುತ್ತಿದ್ದಳು. ಎಳೆಯುವವಳ ಕುರ್ಚಿಯಲ್ಲಿ ಕೂತರೆ ಎಳೆಯುತ್ತಿದ್ದಳು. ಗಿಣಿ ಇದನ್ನು ಹೀಗೆ ಹೇಳಿದಳು: "ನಿಮ್ ದೊಡ್ಡಮ್ಮ ಕೂತ್ರೆ, ಯಾರು ರಜ ಹಾಕಿದಾರೆ ಅಂತ ತಲೆ ಎತ್ತಿ ನೋಡಿದ್ರೇನೇ ಗೊತ್ತಾಗೋದು."

ಸೂಪರ್‌ವೈಸರನಿಗೂ ಇದು ಗೊತ್ತಿತ್ತು. ಯಾವಾಗಲೂ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿರುವ ಮನುಷ್ಯ. ಆ ಪೆನ್ಸಿಲಿನಿಂದ ಅವನು ಬರೆದದ್ದನ್ನು ಯಾರೂ ಕಂಡಿಲ್ಲ, ಕಿವಿ ಕೆರೆದುಕೊಂಡದ್ದನ್ನು ಎಲ್ಲರೂ ಕಂಡಿದ್ದಾರೆ. ಕುರ್ಚಿ ಖಾಲಿ ಇದ್ದ ದಿನ ದೊಡ್ಡಮ್ಮ ಅವನಿಗೆ "ಅಕ್ಕಾ". ಎಲ್ಲ ಕುರ್ಚಿ ತುಂಬಿದ ದಿನ "ಏಯ್, ಇವಳೇ".

ಕಾಲರ್ ಹೊಲಿಯುವವಳ ಮನೆ ನಮ್ಮ ಗೋಡೆಯ ಆಚೆಗೇ ಇದೆ. ನಾನು ಅವಳನ್ನು ಕಾಲರಕ್ಕ ಎಂದೇ ಕರೆಯುವುದು. ಅವಳೂ ದೊಡ್ಡಮ್ಮನೂ ಒಟ್ಟಿಗೇ ಕೆಲಸಕ್ಕೆ ಸೇರಿದವರು. ದೊಡ್ಡಮ್ಮ ಕುರ್ಚಿಯಿಂದ ಕುರ್ಚಿಗೆ ತಿರುಗಿದಳು, ಕಾಲರಕ್ಕ ಒಂದೇ ಕುರ್ಚಿಯಲ್ಲಿ ಕೂತಳು, ಅಂದಿನಿಂದ ಕಾಲರನ್ನು ಬಿಟ್ಟು ಬೇರೇನೂ ಹೊಲಿದಿಲ್ಲ. ಅವಳಿಗೆ ಮೇಲಿನ ಗ್ರೇಡ್ ಇದೆ. ಆ ಗ್ರೇಡ್ ಇದ್ದವರಿಗೆ ಸಂಬಳ ಹೆಚ್ಚು, ಕುರ್ಚಿಯ ಬೆನ್ನಿಗೆ ಅವರ ಕೆಲಸದ ಚೀಟಿ.

ಒಂದು ಸಲ ಅವಳು ಮನೆಯಲ್ಲಿ ದಿಂಬಿನ ಕವರ್ ಹೊಲಿಯಲು ಹೋಗಿ ನಾಲ್ಕೂ ಬದಿ ಮುಚ್ಚಿ ಹೊಲಿದುಬಿಟ್ಟಳು. ತೆಗೆದುಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತಳು.

"ಇದೇನೇ ಇದು, ದಿಂಬಿಗೆ ಬಾಯೇ ಇಲ್ಲ?" ಎಂದಳು ದೊಡ್ಡಮ್ಮ.

"ಅದೇ ನೋಡ್ತಿದೀನಿ. ಎಲ್ಲಿಂದ ತಿರುಗಿಸೋದು ಅಂತ."

"ನಿನ್ನ ಗಂಡಂಗೆ ಹೇಳು, ದಿಂಬಿನ ಮೇಲೆ ಮಲಗೋದು ಬೇಡ, ದಿಂಬನ್ನ ಕುತ್ತಿಗೆಗೆ ಕಟ್ಕೊಂಡು ಓಡಾಡಲಿ. ಕಾಲರ್ ಥರ ಇರುತ್ತೆ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಕವರನ್ನು ಬಿಚ್ಚಿ ಹೊಲಿದುಕೊಟ್ಟದ್ದು ದೊಡ್ಡಮ್ಮನೇ. ಇದನ್ನು ಕಾಲರಕ್ಕನನ್ನು ಆಡಿಕೊಳ್ಳಲು ಬರೆದದ್ದಲ್ಲ. ಅಂಗಿಯ ಕಾರ್ಖಾನೆಯಲ್ಲಿ ಕೂದಲು ನರೆಯುವ ತನಕ ದುಡಿದವಳಿಗೆ ಒಂದು ದಿಂಬಿನ ಕವರ್ ಹೊಲಿಯಲು ಬರದ ಹಾಗೆ ಮಾಡಿಟ್ಟಿದ್ದಾರಲ್ಲ, ಆ ಸಿಟ್ಟಿಗೆ ಬರೆದದ್ದು.

ಕಾಲರಕ್ಕನ ಕೈಯಲ್ಲಿ ಒಂದು ಓರೆ ಇತ್ತು. ಅವಳು ಹೊಲಿದ ಕಾಲರಿನ ಎಡಮೂಲೆ ಬಲಮೂಲೆಗಿಂತ ಕೂದಲೆಳೆಯಷ್ಟು ಉದ್ದ. ಅವಳ ಮುಂದಿನ ಕುರ್ಚಿ ಗಿಣಿಯದು. ಕಾಲರನ್ನು ಕುತ್ತಿಗೆಪಟ್ಟಿಗೆ ಕೂಡಿಸುವವಳು ಅವಳೇ. ಎಡಗಡೆ ಬಂದಾಗ ಗಿಣಿಯ ಬೆರಳು ತಾನಾಗಿ ಸ್ವಲ್ಪ ಒಳಕ್ಕೆ ತಳ್ಳುತ್ತದೆ, ಅಲ್ಲಿಗೆ ಎರಡು ಮೂಲೆಯೂ ಸಮ. ಅಳತೆ ನೋಡುವುದು ಲೈನಿನ ಕೊನೆಯಲ್ಲಿ, ಪೂರಾ ಅಂಗಿಗೆ. ಅಲ್ಲಿ ತಪ್ಪೇ ಇರುತ್ತಿರಲಿಲ್ಲ. ಹಾಗಾಗಿ ಆ ಓರೆಯನ್ನು ಯಾರೂ ಮಾತಿಗೆ ತಂದಿರಲಿಲ್ಲ.

ಹೀಗಿರುವಾಗ ಮೇಲಿನ ಕಚೇರಿಯಿಂದ ಹೊಸ ಪದ್ಧತಿ ಬಂತು. ಒಬ್ಬರಿಗೆ ಒಂದೇ ಕೆಲಸ. ಬದಲಿ ಎನ್ನುವುದು ಇನ್ನಿಲ್ಲ. ಬದಲಿಯಾಗಿದ್ದವರು ಯಾವುದಾದರೂ ಒಂದು ಕೆಲಸ ಆರಿಸಿಕೊಂಡು ಪರೀಕ್ಷೆ ಕೊಡಬೇಕು. ಗೆದ್ದರೆ ಗ್ರೇಡ್, ಕುರ್ಚಿ, ಚೀಟಿ. ಸೋತರೆ ದಾರದ ಮೇಜು.

ದಾರದ ಮೇಜು ಎಂದರೆ ಲೈನಿನ ಕೊನೆಯಲ್ಲಿರುವ ಎತ್ತರದ ಮೇಜು. ಹೊಲಿದಾದ ಅಂಗಿಗಳಲ್ಲಿ ಅಲ್ಲಲ್ಲಿ ನೇತಾಡುವ ದಾರದ ತುದಿಗಳನ್ನು ಅಲ್ಲಿ ಚಿಕ್ಕ ಕತ್ತರಿಯಿಂದ ಕತ್ತರಿಸುತ್ತಾರೆ. ಅಲ್ಲಿ ಕುರ್ಚಿ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ನಿಲ್ಲಬೇಕು. ದೊಡ್ಡಮ್ಮನ ಮೊಣಕಾಲಿನ ಕೆಳಗೆ ನೀಲಿ ನರಗಳು ಹುರಿಹುರಿಯಾಗಿ ಎದ್ದಿವೆ. ಬಹಳ ಹೊತ್ತು ನಿಂತರೆ ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿಯುತ್ತದೆ. ಡಾಕ್ಟರು ಹೇಳಿದ್ದು ಒಂದೇ ಮಾತು: "ಕೂತು ಮಾಡೋ ಕೆಲಸ ಆದ್ರೆ ಮಾಡಿ, ಇಲ್ಲಾಂದ್ರೆ ಬಿಡಿ." ಬಿಟ್ಟರೆ ನಾವಿಬ್ಬರೂ ತಿನ್ನುವುದೇನು? ಹಾಗಾಗಿ ಉಳಿದವರಿಗೆ ಅದು ಗ್ರೇಡಿನ ಮಾತು, ದೊಡ್ಡಮ್ಮನಿಗೆ ಒಂದು ಕುರ್ಚಿಯ ಮಾತು.

ಹೊಸ ಪದ್ಧತಿಯನ್ನು ಓದಿ ಹೇಳಿದ ದಿನ ಸೂಪರ್‌ವೈಸರ್ ದೊಡ್ಡಮ್ಮನ ಹತ್ತಿರ ಬಂದು ಬುದ್ಧಿ ಹೇಳಿದನಂತೆ. "ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತ ಹಿರಿಯರು ಸುಮ್ನೆ ಹೇಳಿಲ್ಲ. ನೀನು ಬರೀ ಹತ್ತು ಕಟ್ಕೊಂಡೇ ಬಂದೆ."

"ಕಟ್ಟಿಸಿದ್ದು ನೀವಲ್ವಾ ಸಾರ್?" ಎಂದಳಂತೆ ದೊಡ್ಡಮ್ಮ.

"ಅದೆಲ್ಲ ಈಗ ಯಾಕೆ? ಒಂದನ್ನ ಹಿಡ್ಕೋ."

ಈ 'ಒಂದನ್ನು ಹಿಡಿ' ಎಂಬ ಮಾತು ನನಗೂ ಗೊತ್ತು. ಶಾಲೆ ಬಿಟ್ಟವರಿಗೆ ಬಂದವರು ಹೋದವರೆಲ್ಲ ಹೇಳುವ ಮಾತು ಇದೇ. ಹಿಡಿಯಲು ಏನನ್ನಾದರೂ ಕೈಗೆ ಕೊಟ್ಟು ಹೇಳುವವರನ್ನು ಮಾತ್ರ ನಾನು ಇನ್ನೂ ಕಂಡಿಲ್ಲ.

ದೊಡ್ಡಮ್ಮ ಆರಿಸಿಕೊಂಡದ್ದು ಕಾಲರ್. ಕಾರಣ ಸರಳ. ಆ ಲೈನಿನಲ್ಲಿ ಎರಡನೆಯ ಕಾಲರ್ ಕುರ್ಚಿ ಹಾಕುವವರಿದ್ದರು, ಬೇರೆಲ್ಲೂ ಜಾಗ ಇರಲಿಲ್ಲ. ಕಾಲರಕ್ಕನಿಗೂ ಖುಷಿಯೇ. "ಅಕ್ಕಪಕ್ಕ ಕೂತ್ಕೊಳೋಣ ಕಣೇ, ಮನೇಲೂ ಗೋಡೆ ಪಕ್ಕ, ಇಲ್ಲೂ ಮಿಷಿನ್ ಪಕ್ಕ" ಎಂದು ಅವಳೇ ಹೇಳಿದ್ದನ್ನು ನಾನು ಕೇಳಿದ್ದೇನೆ. ಪರೀಕ್ಷೆಯ ಹಿಂದಿನ ಸಂಜೆ ದೊಡ್ಡಮ್ಮ ತನ್ನ ಮೆತ್ತೆಗೆ ಎರಡು ಕಡೆ ಲಾಡಿ ಹೊಲಿದಳು, ಕುರ್ಚಿಗೆ ಕಟ್ಟಿಹಾಕಲು. 

ಪರೀಕ್ಷೆ ಮಾಡಲು ಮೇಲಿನ ಕಚೇರಿಯಿಂದ ಬಂದವರು ಕುತ್ತಿಗೆಗೆ ಅಳತೆಯ ಟೇಪ್ ಹಾಕಿಕೊಂಡ ಒಬ್ಬ ಮೇಡಂ. ಎರಡನೆಯ ಕುರ್ಚಿ ಇನ್ನೂ ಬಂದಿರಲಿಲ್ಲವಾದ್ದರಿಂದ ಕಾಲರಕ್ಕನನ್ನು ಎಬ್ಬಿಸಿ ದೊಡ್ಡಮ್ಮನನ್ನು ಅದೇ ಕುರ್ಚಿಯಲ್ಲಿ, ಅದೇ ಮಿಷಿನ್ನಿಗೆ ಕೂರಿಸಿದರು. ಹೊಲಿಯಬೇಕಾದದ್ದೂ ಅಂದಿನ ಲೈನಿನ ಕಾಲರುಗಳನ್ನೇ. ಪರೀಕ್ಷೆ ಎಂದು ಬಟ್ಟೆ ದಂಡ ಮಾಡುವಂತಿಲ್ಲ, ಹೊಲಿದದ್ದು ಗಿಣಿಯ ಮುಂದಕ್ಕೆ ಹೋಗಬೇಕು. ಕಾಲರಕ್ಕ ಪಕ್ಕದಲ್ಲೇ ಕೈ ಕಟ್ಟಿಕೊಂಡು ನಿಂತಳು.

ದೊಡ್ಡಮ್ಮ ಕೂತಳು. ಅವಳ ಕೈ ಎಂದಿನಂತೆ ಆ ಕುರ್ಚಿಯವಳ ಕೈಯಾಯಿತು. ಮುಂದೆ ಗಿಣಿ ಕಾಯುತ್ತಿದ್ದಾಳೆ, ಗಿಣಿಯ ಬೆರಳು ಎಡಕ್ಕೆ ಒಳತಳ್ಳುತ್ತದೆ. ಎಡಮೂಲೆ ಕೂದಲೆಳೆಯಷ್ಟು ಉದ್ದ ಬಿಟ್ಟು ಹೊಲಿದಳು. ಒಂದಲ್ಲ, ಹೊಲಿದ ಅಷ್ಟೂ ಕಾಲರು.

ಮೇಡಂ ರಟ್ಟಿನ ಅಚ್ಚನ್ನು ಕಾಲರಿನ ಮೇಲಿಟ್ಟು ನೋಡಿದರು. ಇನ್ನೊಂದು ತೆಗೆದರು. ಮತ್ತೊಂದು.

"ಎಲ್ಲದರಲ್ಲೂ ಎಡಮೂಲೆ ಉದ್ದ ಇದೆ. ಒಂದೇ ತಪ್ಪು ಮತ್ತೆ ಮತ್ತೆ ಮಾಡಿದೀರಿ. ಗೊತ್ತಾಗಲಿಲ್ವಾ ನಿಮಗೆ?"

ದೊಡ್ಡಮ್ಮ ಕಾಲರಕ್ಕನ ಮುಖ ನೋಡಿದಳಂತೆ. ಕಾಲರಕ್ಕ ನೆಲ ನೋಡಿದಳಂತೆ. ಗಿಣಿ ಬಾಯಿ ತೆರೆದಳು, ಆದರೆ ಸೂಪರ್‌ವೈಸರ್ ಅವಳ ಕಡೆ ಪೆನ್ಸಿಲ್ ತೋರಿಸಿದ್ದಕ್ಕೆ ಮುಚ್ಚಿದಳು. ಅವಳ ಬಾಯಿ ಮುಚ್ಚಿದ್ದನ್ನು ಲೈನಿನವರು ಅದೇ ಮೊದಲು ನೋಡಿದ್ದಂತೆ. ಕಾಲರಕ್ಕ ಒಂದು ಮಾತು ಹೇಳಿದ್ದರೆ ಸಾಕಿತ್ತು. 'ಮೇಡಂ, ಅದು ನನ್ನ ಕೈಯ ಓರೆ, ಇವಳದ್ದಲ್ಲ. ನನ್ನ ಕಾಲರಿನ ಮೇಲೂ ಅಚ್ಚು ಇಟ್ಟು ನೋಡಿ.' ಅವಳು ಹೇಳಲಿಲ್ಲ.

"ಎಲ್ಲ ಕೆಲಸಕ್ಕೂ ಕೈ ಹಾಕೋರದ್ದು ಹೀಗೇ ಆಗೋದು," ಎಂದರು ಮೇಡಂ, ಟೇಪನ್ನು ಸರಿಮಾಡಿಕೊಳ್ಳುತ್ತಾ. "ಯಾವುದರಲ್ಲೂ ಪಳಗಿರೋದಿಲ್ಲ."

ಅಂದು ಸಂಜೆ ಮೆತ್ತೆ ದೊಡ್ಡಮ್ಮನ ಕಂಕುಳಲ್ಲೇ ಮನೆಗೆ ಬಂತು. ಚಹಾ ಕುಡಿಯುತ್ತಾ ಎಲ್ಲ ಹೇಳಿದಳು, ಬೇರೆ ಯಾರದ್ದೋ ಸುದ್ದಿ ಹೇಳುವ ಹಾಗೆ. ನನಗೆ ಮೈಯೆಲ್ಲ ಉರಿಯಿತು.

"ನೀನೇ ಯಾಕೆ ಹೇಳಲಿಲ್ಲ ದೊಡ್ಡಮ್ಮ? ನೇರ ಹೊಲಿಯೋಕೆ ನಿನಗೆ ಬರಲ್ವಾ?"

"ಬರದೇ ಏನು? ಆ ಕುರ್ಚೀಲಿ ಕೂತ ಮೇಲೆ ಕೈ ಹಾಗೇ ಹೋಗ್ಬಿಡ್ತು, ಕಂದಾ. ಆಮೇಲೆ, ಆ ಕಾಲರ್ ಲೈನಿಗೆ ಹೋಗೋದಲ್ವಾ? ನೇರ ಹೊಲಿದ್ರೆ ಗಿಣಿ ಕೂಡಿಸೋದು ಸೊಟ್ಟ ಆಗುತ್ತೆ."

"ಪರೀಕ್ಷೆ ನಿನ್ನದು. ಗಿಣೀದಲ್ಲ."

"ಹೊಲಿಯೋವಾಗ ಅದು ತಲೆಗೆ ಬರಲ್ಲ."

"ಹೋಗಲಿ, ಕಾಲರಕ್ಕನ ಓರೆ ಅದು ಅಂತ ಹೇಳಬಹುದಿತ್ತಲ್ಲ?"

ದೊಡ್ಡಮ್ಮ ಗೋಡೆಯ ಕಡೆ ಕಣ್ಣು ತೋರಿಸಿ, ಮೆತ್ತಗೆ ಮಾತಾಡು ಎಂದು ಕೈ ಮಾಡಿದಳು. ನಾನು ಗಟ್ಟಿಯಾಗಿ ಮಾತಾಡುವವರ ಪೈಕಿ ಅಲ್ಲ. ಅಂದು ಮಾತ್ರ ಗೋಡೆಯ ಆಚೆಗೆ ಕೇಳಲಿ ಎಂದೇ ಮಾತಾಡಿದೆ. ಆಚೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಆದರೆ ಯಾರೂ ಬರಲಿಲ್ಲ.

ದೊಡ್ಡಮ್ಮ ದಾರದ ಮೇಜಿಗೆ ಹೋದಳು, ಎರಡನೆಯ ಕಾಲರ್ ಕುರ್ಚಿಯನ್ನು ಹಾಕಲೇ ಇಲ್ಲ. ನಾನು ಸಂಜೆ ಬಕೆಟ್ಟಿನಲ್ಲಿ ಬಿಸಿನೀರು ಇಡತೊಡಗಿದೆ. ಅವಳು ಪಾದ ಇಳಿಬಿಟ್ಟುಕೊಂಡು ಕೂರುತ್ತಿದ್ದಳು. ಚಪ್ಪಲಿಯ ಪಟ್ಟಿಯ ಗುರುತು ಕೆಂಪಗೆ ಹಾಗೇ ಉಳಿದಿರುತ್ತಿತ್ತು.

ಇನ್ನೂ ಸಿಟ್ಟು ಬರುವ ಸಂಗತಿ ಮುಂದಿನದು. ಬದಲಿ ಎನ್ನುವುದು ಹೋಯಿತು, ಆದರೆ ಜ್ವರ ಬರುವುದು ಹೋಯಿತೇ? ಮಕ್ಕಳ ಹಲ್ಲು ಮುರಿಯುವುದು ಹೋಯಿತೇ? ಕುರ್ಚಿಗಳು ಮೊದಲಿನ ಹಾಗೇ ಖಾಲಿಯಾಗುತ್ತಿದ್ದವು. ಆಗೆಲ್ಲ ಸೂಪರ್‌ವೈಸರ್ ದಾರದ ಮೇಜಿಗೆ ಬಂದು, "ಅಕ್ಕಾ, ಒಂಚೂರು ಕಫ್ ನೋಡ್ಕೋತೀರಾ?" ಎನ್ನುತ್ತಿದ್ದ. ಹೆಸರು ಹೋಗಿತ್ತು, ಗ್ರೇಡ್ ಹೋಗಿತ್ತು, ಕೆಲಸ ಮಾತ್ರ ಹೋಗಿರಲಿಲ್ಲ. ದೊಡ್ಡಮ್ಮ ಹೋಗುತ್ತಿದ್ದಳು. ಅಷ್ಟು ಹೊತ್ತಾದರೂ ಕೂರಬಹುದಲ್ಲ. ಅಲ್ಲದೆ ಅವನು ನೋಡಿ ನೋಡಿ ಮುಂದಿನ ಪರೀಕ್ಷೆಗೆ ತನ್ನ ಪರವಾಗಿ ಒಂದು ಮಾತು ಆಡುತ್ತಾನೆ ಎಂಬ ಆಸೆ ಅವಳಿಗೆ ಇತ್ತು.

ಕಾಲರಕ್ಕನಿಗೆ ಜ್ವರ ಬಂದ ದಿನವೂ ಹಾಗೇ ಕರೆದ. ಆದರೆ ಅಂದು ಒಂದು ಮಾತು ಸೇರಿಸಿದ. ಲೈನಿನವರೆಲ್ಲ ಕೇಳುವ ಹಾಗೆ, "ನೋಡಕ್ಕಾ, ಪರೀಕ್ಷೇಲಿ ಹೊಲಿದ ಹಾಗೆ ಸೊಟ್ಟ ಹೊಲೀಬೇಡ. ಅಚ್ಚು ಇಟ್ಕೊಂಡು ಅಳತೆಗೆ ಸರಿಯಾಗಿ ಹೊಲಿ" ಎಂದ. ಯಾರೋ ಕಿಸಕ್ಕೆಂದರಂತೆ.

ದೊಡ್ಡಮ್ಮ ರಟ್ಟಿನ ಅಚ್ಚನ್ನು ತರಿಸಿಕೊಂಡಳು. ಒಂದೊಂದು ಕಾಲರಿಗೂ ಅಚ್ಚು ಇಟ್ಟಳು. ಎರಡು ಮೂಲೆಯೂ ಸಮ, ಕೂದಲು ಸೀಳಿದ ಹಾಗೆ ಸಮ. ಹೊಲಿದು ಹೊಲಿದು ಗಿಣಿಯ ಮುಂದಕ್ಕೆ ತಳ್ಳಿದಳು. ಗಿಣಿ ತನ್ನ ಮುಂದಿನ ಕುರ್ಚಿಯವಳ ಜೊತೆ ಹರಟುತ್ತಾ ಕೂಡಿಸುತ್ತಾ ಹೋದಳು. ಅವಳ ಬೆರಳು ಎಂದಿನಂತೆ ಎಡಗಡೆಯನ್ನು ಒಳಕ್ಕೆ ತಳ್ಳಿತು. ಊಟದ ಹೊತ್ತಿಗೆ ಲೈನಿನ ಕೊನೆಯಿಂದ ಕೂಗು ಬಂತು. ಬೆಳಗಿನಿಂದ ಬಂದ ಅಂಗಿಗಳ ಕಾಲರೆಲ್ಲ ಎಡಕ್ಕೆ ಮೋಟು.

ಸೂಪರ್‌ವೈಸರ್ ಓಡಿ ಬಂದು ಅಂಗಿಯನ್ನು ಗಿಣಿಯ ಮುಖದ ಮುಂದೆ ಹಿಡಿದ. "ಕಣ್ಣಿದೆಯಾ ನಿಂಗೆ? ಬಾಯಿಗೆ ಕೊಡೋ ಕೆಲಸದಲ್ಲಿ ಅರ್ಧ ಕೈಗೆ ಕೊಟ್ಟಿದ್ರೆ ಹೀಗಾಗ್ತಿತ್ತಾ?"

ಗಿಣಿ ಅಳತೊಡಗಿದಳು. ತಾನು ಎಂದಿನಂತೆಯೇ ಕೂಡಿಸಿದ್ದು ಎಂದಳು. ಅದು ನಿಜವೂ ಹೌದು.

ದೊಡ್ಡಮ್ಮ ಎದ್ದು ನಿಂತಳು. "ಅವಳಿಗೆ ಬೈಬೇಡಿ ಸಾರ್. ನಾನು ಅಳತೆಗೆ ಹೊಲಿದಿದೀನಿ, ಅವಳು ಅಭ್ಯಾಸಕ್ಕೆ ಕೂಡಿಸಿದಾಳೆ. ಅಚ್ಚು ಇಲ್ಲೇ ಇದೆ, ಇಟ್ಟು ನೋಡಿ."

ಅವನು ಇಟ್ಟು ನೋಡಲಿಲ್ಲ. ಅಚ್ಚನ್ನು ಕೈಗೇ ತೆಗೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಪೆನ್ಸಿಲಿನಿಂದ ಕಿವಿ ಕೆರೆದುಕೊಂಡು, "ಸರಿ ಸರಿ, ಮೊದಲು ಹೊಲೀತಿದ್ದ ಹಾಗೇ ಹೊಲಿ" ಎಂದು ಹೊರಟುಹೋದ. ಮೊದಲು ಹೊಲಿಯುತ್ತಿದ್ದ ಹಾಗೆ! ಯಾವುದಕ್ಕೆ ಅವಳನ್ನು ಸೋಲಿಸಿ ನಿಲ್ಲಿಸಿದರೋ ಅದನ್ನೇ ಮಾಡು ಎಂದ.

ಸಂಜೆಯ ಗಂಟೆಯಾದ ಮೇಲೂ ದೊಡ್ಡಮ್ಮ ಗಿಣಿಯ ಜೊತೆ ಕೂತು ಆ ಕಾಲರುಗಳನ್ನು ಬಿಚ್ಚಿದಳು. ಮನೆಗೆ ಬಂದಾಗ ನಾನು ಕೇಳಿದೆ, "ಹೀಗಾಗುತ್ತೆ ಅಂತ ನಿನಗೆ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು."

"ಮತ್ತೆ?"

"ಬೈಗುಳ ಆ ಹುಡುಗಿ ಮೇಲೆ ಬೀಳುತ್ತೆ ಅಂತ ಹೊಳೀಲಿಲ್ಲ. ಕೊಡಲಿ ಎತ್ತಿದ್ದು ಯಾರ ಮೇಲೋ, ಬಿದ್ದದ್ದು ಯಾರ ಮೇಲೋ." ಬಿಸಿನೀರಿನಲ್ಲಿ ಪಾದ ಅಲ್ಲಾಡಿಸಿದಳು. "ಅವಳು ಇವತ್ತು ಊಟಾನೇ ಮಾಡಲಿಲ್ಲ ಕಣೋ, ಪಾಪ."

ಜ್ವರ ಬಿಟ್ಟ ಮೇಲೆ ಕಾಲರಕ್ಕನಿಗೆ ಈ ಸುದ್ದಿ ಗಿಣಿಯಿಂದ ಮುಟ್ಟಿತು. ಆ ಸಂಜೆಯೇ ನಮ್ಮ ಬಾಗಿಲಿಗೆ ಬಂದಳು. ಪರೀಕ್ಷೆಯ ನಂತರ ಅವಳು ನಮ್ಮ ಹೊಸಿಲು ತುಳಿದದ್ದು ಅದೇ ಮೊದಲು. ನಾನು ಎದ್ದು ಒಳಗೆ ಹೋಗಲಿಲ್ಲ. ಕುರ್ಚಿಯನ್ನೂ ಕೊಡಲಿಲ್ಲ. ನಮ್ಮ ಮನೆಯ ಕುರ್ಚಿಯಲ್ಲಿ ದೊಡ್ಡಮ್ಮ ಕೂತಿದ್ದಳು, ಕೂತೇ ಇರಲಿ ಎಂದುಕೊಂಡೆ.

"ನನ್ನ ಮೇಲೆ ಸಿಟ್ಟಾ?" ಎಂದಳು ಕಾಲರಕ್ಕ.

"ಕಾಲು ನೋವು," ಎಂದಳು ದೊಡ್ಡಮ್ಮ.

"ನೇರವಾಗಿ ಬೈದುಬಿಡೇ. ಹೀಗೆ ಚುಚ್ಚಬೇಡ."

"ಬೈದ್ರೆ ನಿನಗೆ ಹಗುರ ಆಗುತ್ತೆ. ನನಗೇನಾಗುತ್ತೆ?"

ಕಾಲರಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಆ ಮೇಡಂ ನನ್ನ ಕಾಲರಿಗೂ ಅಚ್ಚು ಇಟ್ಟಿದ್ರೆ ನನ್ನ ಗ್ರೇಡ್ ಹೋಗ್ತಿತ್ತು. ನಿನ್ನನ್ನ ದಾರದ ಮೇಜಿಗೆ ಹಾಕಿದ್ರೂ ನಾಳೆ ಬೇರೆ ಕಡೆ ಹೋಗಿ ಅಂಗಿ ಹೊಲಿದುಕೊಂಡು ಬದುಕ್ತೀಯ. ನಾನು? ಕಾಲರ್ ಬಿಟ್ರೆ ನನಗೇನು ಬರುತ್ತೆ? ಯಾರ ಮನೆ ಬಾಗಿಲಿಗೆ ಹೋಗಿ 'ಕಾಲರ್ ಹೊಲೀತೀನಿ' ಅನ್ನಲಿ? ದಿಂಬಿಗೂ ಬಾಯಿ ಇಡೋಕೆ ಬರದವಳು."

ಅದನ್ನು ಕೇಳಿದಾಗ ನನ್ನ ಸಿಟ್ಟು ಒಂದು ಕ್ಷಣ ಎಲ್ಲಿ ಹೋಗಿ ಕೂರಬೇಕೆಂದು ತಿಳಿಯದೆ ನಿಂತಿತು. ಒಬ್ಬಳಿಗೆ ಒಂದನ್ನೇ ಕಲಿಸಿ, ಅದು ಹೋದರೆ ಸತ್ತೆ ಎಂದು ಹೆದರಿಸಿ ಇಟ್ಟುಕೊಂಡಿದ್ದಾರೆ. ಇನ್ನೊಬ್ಬಳಿಗೆ ಎಲ್ಲವನ್ನೂ ಕಲಿಸಿ, ನಿನ್ನದು ಅಂತ ಒಂದೂ ಇಲ್ಲ ಎಂದು ನಿಲ್ಲಿಸಿದ್ದಾರೆ. ಆಮೇಲೆ ಇಬ್ಬರ ನಡುವೆ ಒಂದು ಕುರ್ಚಿ ಹಾಕಿ ಜಗಳ ನೋಡುತ್ತಾರೆ.

ದೊಡ್ಡಮ್ಮ ಊದಿದ ಪಾದವನ್ನು ಒತ್ತಿಕೊಂಡಳು. ಆಮೇಲೆ, "ಹೆದರಿದ್ದು ತಪ್ಪಲ್ಲ" ಎಂದಳು. "ನನ್ನ ಮುಖ ನೋಡದೆ ನೆಲ ನೋಡಿದೆಯಲ್ಲ, ಅದು ತಪ್ಪು."

ಮರುದಿನ ಕಾಲರಕ್ಕ ಒಂದು ಕೆಲಸ ಮಾಡಿದಳು. ಅದನ್ನು ಬರೆಯದಿದ್ದರೆ ನಾನು ಮೋಸ ಮಾಡಿದ ಹಾಗಾಗುತ್ತದೆ. ಊಟದ ಹೊತ್ತಿನಲ್ಲಿ ಸೂಪರ್‌ವೈಸರನ ಮೇಜಿಗೆ ಒಬ್ಬಳೇ ಹೋಗಿ, ಎಡಮೂಲೆಯ ಓರೆ ತನ್ನ ಕೈಯದು, ಉಪ್ಪಕ್ಕನದಲ್ಲ, ಅವಳಿಗೆ ಇನ್ನೊಂದು ಪರೀಕ್ಷೆ ಕೊಡಿಸಿ ಎಂದು ಹೇಳಿದಳು.

ಅವನು ತಿನ್ನುತ್ತಿದ್ದವನು ತಲೆ ಎತ್ತದೆ, "ಗೊತ್ತು" ಎಂದ.

"ಏನು ಗೊತ್ತು ಸಾರ್?"

"ನಿನ್ನ ಓರೆ. ನೀನು ಕಾಲರಿಗೆ ಕೂತಾಗಿಂದ ಗೊತ್ತು. ಲೈನ್ ನಡೀತಿತ್ತು, ಸುಮ್ಮನಿದ್ದೆ."

"ಹಾಗಾದ್ರೆ ಪರೀಕ್ಷೆ ದಿನ ಯಾಕೆ ಹೇಳಲಿಲ್ಲ?"

ಆಗ ಅವನು ನಕ್ಕನಂತೆ. "ಒಳ್ಳೆ ಕಥೆ ಆಯ್ತಲ್ಲ. ಅವಳಿಗೂ ಒಂದು ಕುರ್ಚಿ ಕೊಟ್ಟು ಕೂರಿಸಿಬಿಟ್ರೆ, ನೀನು ಜ್ವರ ಅಂತ ಮಲಗಿದ ದಿನ ನಿನ್ನ ಕುರ್ಚೀಲಿ ಯಾರು, ನಾನು ಕೂರಲಾ? ಹೋಗು, ಊಟ ಮಾಡು. ನಿನ್ನ ಗ್ರೇಡಿಗೇನೂ ಆಗಲ್ಲ."

ಕಾಲರಕ್ಕ ಊಟ ಮಾಡಲಿಲ್ಲ. ಸಂಜೆ ಬಂದು ಅವನ ಮಾತನ್ನು ಅವನ ಧ್ವನಿಯಲ್ಲೇ ದೊಡ್ಡಮ್ಮನಿಗೆ ಒಪ್ಪಿಸಿದಳು. ನಾನೂ ಅಲ್ಲೇ ಇದ್ದೆ. ಅಲ್ಲಿಯ ತನಕ ದೊಡ್ಡಮ್ಮ ತಾನು ಸೋತದ್ದು ಕೈಯ ಅಭ್ಯಾಸದಿಂದ ಎಂದುಕೊಂಡಿದ್ದಳು, ಒಳಗೊಳಗೇ ತನ್ನನ್ನೇ ಬೈದುಕೊಂಡಿದ್ದಳು. ಬಕೆಟ್ಟಿನಿಂದ ಪಾದ ತೆಗೆದು ಒರೆಸಿಕೊಂಡಳು. "ಓಹೋ" ಎಂದಳು, ಅಷ್ಟೇ. ಆಮೇಲೆ ಮೆತ್ತೆಯನ್ನು ತಂದು, ಅದಕ್ಕೆ ಹೊಲಿದಿದ್ದ ಲಾಡಿಗಳಿಂದ ನಮ್ಮ ಮನೆಯ ಕುರ್ಚಿಗೆ ಬಿಗಿಯಾಗಿ ಕಟ್ಟಿದಳು. ಗಂಟು ಬಿದ್ದಿದೆಯೇ ಎಂದು ಎಳೆದು ನೋಡಿದಳು.

"ನಾಳೆಗೆ ಬೇಡ್ವಾ ಅದು?" ಎಂದೆ.

"ನಿಂತ್ಕೊಳೋಳಿಗೆ ಮೆತ್ತೆ ಯಾಕೆ?"

ಅದಾಗಿ ಸ್ವಲ್ಪ ದಿನಕ್ಕೆ ತೋಳಿನವಳು ರಜ ಹಾಕಿದಳು. ತೋಳಿನ ಕುರ್ಚಿ ಖಾಲಿಯಾದರೆ ಲೈನ್ ಪೂರಾ ಕಟ್ಟಿಕೊಳ್ಳುತ್ತದೆ. ಸೂಪರ್‌ವೈಸರ್ ದಾರದ ಮೇಜಿಗೆ ಬಂದ.

"ಅಕ್ಕಾ, ಒಂಚೂರು ತೋಳು ನೋಡ್ಕೋತೀರಾ?"

ದೊಡ್ಡಮ್ಮ ಕತ್ತರಿ ನಿಲ್ಲಿಸಲಿಲ್ಲ. "ತೋಳಾ? ನನಗೆ ಬರಲ್ಲ ಸಾರ್."

"ಏನು ಬರಲ್ಲ ಅಂದ್ರೆ? ಮೊನ್ನೆ ಮೊನ್ನೆ ಹೊಲಿದಿದೀಯಲ್ಲ!"

"ಆಗ ಹತ್ತು ಕಟ್ಕೊಂಡಿದ್ದೆ. ಒಂದು ಮುತ್ತು ಕಟ್ಟು ಅಂತ ನೀವೇ ಹೇಳಿದ್ರಿ. ಕಟ್ಟಿದೀನಿ." ಒಂದು ದಾರದ ತುದಿಯನ್ನು ಬೆರಳಲ್ಲಿ ಎತ್ತಿ ತೋರಿಸಿದಳು. "ಇದೇ ನನ್ನ ಕೆಲಸ. ಒಬ್ಬರಿಗೆ ಒಂದೇ ಅಲ್ವಾ?"

ಅವನು ಮೊದಲು ನಗಲು ನೋಡಿದ. ಆಮೇಲೆ ದನಿ ಏರಿಸಿದ. ಬರೆದು ಮೇಲೆ ಕಳಿಸುತ್ತೇನೆ ಎಂದ. "ಏನಂತ ಬರೀತೀರಿ ಸಾರ್? ಪರೀಕ್ಷೇಲಿ ಸೋತವಳು ಹೊಲಿಯಲ್ಲ ಅಂತಾಳೆ ಅಂತಾನಾ?" ಎಂದು ಕೇಳಿದ್ದು ಗಿಣಿ. ಅವಳ ಬಾಯಿ ಮತ್ತೆ ತೆರೆದಿತ್ತು. ಕಾಲರಕ್ಕ ಮಿಷಿನ್ ನಿಲ್ಲಿಸಿ, ಈ ಸಲ ತಲೆ ಎತ್ತಿ ನೋಡುತ್ತಿದ್ದಳಂತೆ.

ಕೊನೆಗೆ ತೋಳಿನ ಮಿಷಿನ್ನಿಗೆ ಸೂಪರ್‌ವೈಸರನೇ ಕೂತ. ಪೆನ್ಸಿಲನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡ. ಅವನು ಎಡತೋಳನ್ನು ಬಲಕ್ಕೆ ಕೂಡಿಸಿದ ಎಂದು ಗಿಣಿ ಹೇಳುತ್ತಾಳೆ. ದೊಡ್ಡಮ್ಮ ಅಷ್ಟೇನಿಲ್ಲ, ದಾರ ಗಂಟು ಹಾಕಿದ ಅಷ್ಟೇ ಎನ್ನುತ್ತಾಳೆ. ಆದ್ದರಿಂದ ದಾರದ ಗಂಟನ್ನು ಮಾತ್ರ ಬರೆಯುತ್ತೇನೆ.

ಇದರಿಂದ ದೊಡ್ಡಮ್ಮನಿಗೆ ಕುರ್ಚಿ ಬಂತೇ ಎಂದು ಕೇಳಬಹುದು. ಬಂದಿಲ್ಲ. ಸಂಜೆ ಅವಳ ಪಾದದ ಮೇಲೆ ಚಪ್ಪಲಿಯ ಗುರುತು ಈಗಲೂ ಹಾಗೇ ಇದೆ. ಬಿಸಿನೀರು ಈಗಲೂ ಇಡುತ್ತೇನೆ, ಇಡುವಾಗ ಬಕೆಟ್ಟನ್ನು ನೆಲಕ್ಕೆ ಕುಕ್ಕುತ್ತೇನೆ. ನನ್ನ ಸಿಟ್ಟು ಆರಿಲ್ಲ, ಆರುವುದು ನನಗೆ ಬೇಕಾಗಿಯೂ ಇಲ್ಲ. ಅಂದು ಸೂಪರ್‌ವೈಸರ್ ಕೂಡಿಸಿದ ತೋಳುಗಳು ಲೈನ್ ದಾಟಿ ಕೊನೆಗೆ ದಾರದ ಮೇಜಿಗೇ ಬಂದವು. ಒಂದೊಂದು ತೋಳಿನಲ್ಲೂ ದಾರದ ಕುಚ್ಚುಗಳು ನೇತಾಡುತ್ತಿದ್ದವಂತೆ. ಅವನ್ನೆಲ್ಲ ದೊಡ್ಡಮ್ಮ ಒಂದೊಂದಾಗಿ ಕತ್ತರಿಸಿದಳು. ನಿಂತುಕೊಂಡೇ.